ಏಳನೇ ಇಯತ್ತೆಯ ಸುದ್ದಿ ಮನೆ ಮುಟ್ಟಿದ ಬಗೆ

ಸಾಲಿಯಿಂದ ಹೊರಟ ಸುದ್ದಿ ಮನೆ ಮುಟ್ಟುವುದರೊಳಗೆ ವೇಷ ಬದಲಿಸಿಯೇ ಬದಲಿಸುತ್ತದೆ. ಕರಾಚಿಯಲ್ಲಿ ಕಲಿಸುವಾಗಲೂ ಇದನ್ನು ಕಂಡಿದ್ದೆ, ರಂಗೂನಿನಲ್ಲಿಯೂ ಕಂಡಿದ್ದೆ. ಆದರೆ ಧಾರವಾಡದಲ್ಲಿ ಅದು ಹಾಕಿದಷ್ಟು ವೇಷಗಳನ್ನು ಕಂಪನಿ ನಾಟಕದವರೂ ಹಾಕಿರಲಿಕ್ಕಿಲ್ಲ.

ನಾನು ಧಾರವಾಡಕ್ಕೆ ಬಂದದ್ದು ಹೆಣ್ಣುಮಕ್ಕಳ ಸಾಲಿಯೊಂದರಲ್ಲಿ ಏಳನೇ ಇಯತ್ತೆ ಕಲಿಸಲಿಕ್ಕೆ. ಎರಡನೇ ಮಹಾಯುದ್ಧ ಇನ್ನೂ ಸುರುವಾಗಿರಲಿಲ್ಲ. ಅಲ್ಲಿಯತನಕ ಆ ಸಾಲಿ ಆರನೇ ಇಯತ್ತೆಗೇ ಮುಗಿಯುತ್ತಿತ್ತು. ಏಳನೆಯದು ಎಂದರೆ ಮುಲ್ಕಿ ಪರೀಕ್ಷೆ. ಅದನ್ನು ದಾಟಿದ ಹುಡುಗಿ ನಾಳೆ ತಾನೂ ಒಂದು ಸಾಲಿಯಲ್ಲಿ ಖುರ್ಚಿ ಹಾಕಿಕೊಂಡು ಕೂಡಬಹುದು. ಸಮಿತಿಯ ಅಧ್ಯಕ್ಷರು ಮೊದಲ ದಿನವೇ ಷರತ್ತು ಹೇಳಿದರು.

"ಬಾಯಾರ, ಹನ್ನೊಂದು ಹುಡುಗ್ಯಾರು ಇದ್ದಾರ. ಮುಲ್ಕಿ ಫಾರ್ಮ್ ತುಂಬೋ ದಿನ ಹತ್ತು ಮಂದಿ ಉಳಿದ್ರ ಏಳನೇ ಇಯತ್ತೆ ಉಳೀತದ. ಒಂಬತ್ತಾದ್ರ ಬಾಗಲಾ ಹಾಕತೇವಿ. ಆಮ್ಯಾಲೆ ನೀವು ಮತ್ತ ರಂಗೂನಿಗೆ ಹೋಗಬಹುದು."

ಹುಡುಗಿಯರು ಬಿಟ್ಟು ಹೋಗುವುದಕ್ಕೆ ಕಾರಣ ದೊಡ್ಡದೇನಲ್ಲ. ಮನೆಯಲ್ಲಿ ಶ್ಯಾವಿಗೆ ಹೊಸೆಯಲು ಒಂದು ಜೋಡಿ ಕೈ ಬೇಕಾದಾಗ ಹಿರಿಯರು ಕೇಳುತ್ತಿದ್ದ ಪ್ರಶ್ನೆ ಒಂದೇ: "ದಿನಾ ಹೋಗಿ ಅಲ್ಲಿ ಮಾಡೂದರೆ ಏನ?" ಇದಕ್ಕೆ ಉತ್ತರ ಆ ಮನೆಗಳಲ್ಲಿ ಯಾರಿಗೂ ಗೊತ್ತಿರಲಿಲ್ಲ. ಸರಿ, ಉತ್ತರವನ್ನು ನಾನೇ ಮನೆಮನೆಗೆ ಮುಟ್ಟಿಸುತ್ತೇನೆಂದು ಸೆರಗು ಸಿಕ್ಕಿಸಿ ನಿಂತೆ. ಹತ್ತು ಉಳಿಯಬೇಕು, ಅಷ್ಟೇ!

ಪಾಟಿ

ಮೊದಲ ಉಪಾಯ ಪಾಟಿ, ಅಂದರೆ ಸ್ಲೇಟು. ಒಂದು ಮಗ್ಗುಲಿಗೆ ಅವತ್ತಿನ ಲೆಕ್ಕ, ಇನ್ನೊಂದು ಮಗ್ಗುಲಿಗೆ ನನ್ನ ಒಂದು ಸಾಲಿನ ಷರಾ. ಅಳಿಸದಂತೆ ಒಯ್ದು ಹಿರಿಯರಿಗೆ ತೋರಿಸಿ, ಹಾಗೆಯೇ ಮರಳಿ ತರಬೇಕು.

ಹನ್ನೊಂದು ಹುಡುಗಿಯರು ಪಾಟಿಗಳನ್ನು ಕಡುಬಿನ ತಾಟು ಹಿಡಿದಂತೆ ಎರಡೂ ಕೈಯಲ್ಲಿ ಹಿಡಿದು, ಉಸಿರು ಬಿಗಿಹಿಡಿದು, ಸಾಲಾಗಿ ಹೊರಟರು. ದಾರಿಯಲ್ಲಿ ಒಬ್ಬ ಮುದುಕ ಚಪ್ಪಲಿ ಬಿಟ್ಟು ಪಕ್ಕಕ್ಕೆ ಸರಿದು ಕೈಮುಗಿದನಂತೆ. ಯಾವುದೋ ದೇವರು ಹೊರಟಿದೆ ಎಂದು ತಿಳಿದಿರಬೇಕು. ಜೂನ್ ತಿಂಗಳ ಧಾರವಾಡ. ಜಿಟಿಜಿಟಿ ಮಳೆ ಬಂದೇ ಬಂತು. ಏಳು ಪಾಟಿಗಳು ಅರ್ಧ ದಾರಿಯಲ್ಲೇ ತೊಳೆದು ಸ್ವಚ್ಛವಾದವು. ಮೂರನ್ನು ಮನೆಯ ತಮ್ಮಂದಿರು ನೆಕ್ಕಿ ಅಳಿಸಿ ಆನೆಯ ಚಿತ್ರ ಬರೆದರು.

ಹನ್ನೊಂದನೆಯ ಪಾಟಿ ಮರುದಿನ ಬಂದಾಗ ಅದಕ್ಕೆ ನಾಲ್ಕೂ ಮೂಲೆಗೆ ಅರಿಶಿನ ಕುಂಕುಮ, ನಡುವೆ ಒಂದು ದಾಸವಾಳ.

"ಇದೇನs?" ಎಂದೆ.

"ನಮ್ಮ ಅಜ್ಜಿ ಮಾಡ್ಯಾಳ್ರಿ ಬಾಯಾರ. ಬಾಯಾರು ತಮ್ಮ ಕೈಯಾರೆ ಬರದು ಕಳಿಸ್ಯಾರ, ಸರಸ್ವತಿ ಮನಿಗೆ ಬಂದಾಳಂತ ದೇವರ ಮುಂದ ಇಟ್ಟು ಆರತಿ ಮಾಡಿದ್ಳು. ಓಣ್ಯಾಗ ಎಲ್ಲಾರಿಗೂ ಸಕ್ಕರಿ ಹಂಚಿದ್ಳು."

ನಾನು ಆ ಪಾಟಿಯ ಮೇಲೆ ಬರೆದದ್ದು: "ಈ ಹುಡುಗಿ ಒಂದು ವಾರದಿಂದ ಏನೂ ಓದಿಲ್ಲ."

ವಹಿ

ಪಾಟಿ ಹೋಯಿತು, ವಹಿ ಬಂತು. ವಹಿಯಲ್ಲಿ ನಾನು ಬರೆಯಬೇಕು, ಮನೆಯವರು ಓದಿ ಕೆಳಗೆ ಸಹಿ ಮಾಡಬೇಕು. ಇದರಲ್ಲಿ ಎಡವಟ್ಟಾಗಲು ಏನಿದೆ ಎಂದುಕೊಂಡೆ. ಒಬ್ಬ ಹುಡುಗಿಯ ತಂದೆ ಜಿಲ್ಲಾ ಕೋರ್ಟಿನಲ್ಲಿ ಕಾರಕೂನರು ಎಂಬುದನ್ನು ನಾನು ಲಕ್ಷಕ್ಕೆ ತಂದುಕೊಂಡಿರಲಿಲ್ಲ.

ನಾನು ಬರೆದೆ: "ನಿಮ್ಮ ಮಗಳು ನಿನ್ನೆಯ ಮನೆಗೆಲಸದ ಹತ್ತು ಲೆಕ್ಕ ಮಾಡಿಲ್ಲ."

ಮರುದಿನ ಕೆಳಗೆ ಮುತ್ತಿನಂಥ ಅಕ್ಷರದಲ್ಲಿ ಉತ್ತರ: "ಸದರಿ ಆರೋಪದ ಬಗ್ಗೆ ಪ್ರತಿವಾದಿಯನ್ನು ವಿಚಾರಿಸಲಾಗಿ, ಸದರಿಯವಳು ಆರೋಪ ಒಪ್ಪಿರುವುದಿಲ್ಲ. ಪ್ರತಿವಾದಿಯ ಪರ ಸಾಕ್ಷಿ: ತಾಯಿ. ಸಾಕ್ಷಿ ಹೇಳಿದ್ದೇನೆಂದರೆ, ಸದರಿ ಸಂಜೆ ಪ್ರತಿವಾದಿಯು ಹೋಳಿಗೆ ಲಟ್ಟಿಸುತ್ತಿದ್ದಳು. ಹೋಳಿಗೆಯನ್ನು ಈ ಕೆಳಗೆ ಸಹಿ ಮಾಡಿದವನು ಖುದ್ದು ತಿಂದಿರುತ್ತಾನೆ. ಮುಂದಿನ ತಾರೀಖು ಸೋಮವಾರ."

ಸೋಮವಾರ: "ಸಾಕ್ಷಿ ಗೈರುಹಾಜರ್, ತವರಿಗೆ ಹೋಗಿರುತ್ತಾಳೆ. ತಾರೀಖು ಮುಂದಕ್ಕೆ."

ಮುಂದಿನ ಸೋಮವಾರ: "ಫಿರ್ಯಾದಿ ಬಾಯಿಯವರು ಲೆಕ್ಕಗಳನ್ನು ಹಲಗೆಯ ಮೇಲೆ ಬರೆದದ್ದಕ್ಕೆ ಪುರಾವೆ ಏನು? ಹಲಗೆ ಹಾಜರುಪಡಿಸಬೇಕು."

ಹಲಗೆ ಹಾಜರುಪಡಿಸುವುದೆಂದರೆ ಗೋಡೆ ಕಿತ್ತು ಕಳಿಸಬೇಕಾಗಿತ್ತು. ಇತ್ತ ಪ್ರತಿವಾದಿ ತಾರೀಖಿನಿಂದ ತಾರೀಖಿಗೆ ಸುಖವಾಗಿ ಮೈಕೈ ತುಂಬಿಕೊಳ್ಳುತ್ತಿದ್ದಳು. ನಾಲ್ಕನೇ ವಾರ ನಾನೇ ಸಾಲಿ ಬಿಟ್ಟ ಮೇಲೆ ಅವಳನ್ನು ಕೂಡಿಸಿಕೊಂಡು ಹತ್ತೂ ಲೆಕ್ಕ ಮಾಡಿಸಿ, "ಖಟ್ಲೆ ಮುಗಿಯಿತು" ಎಂದು ಬರೆದು ಕಳಿಸಿದೆ. ಅವರು ಬಿಟ್ಟಾರೆಯೇ? "ಈ ಫೈಸಲೆ ಒಪ್ಪಿಗೆ ಇಲ್ಲ. ಮನೆಯ ಹಿರಿಯರಾದ ನಮ್ಮ ತಾಯಿಯವರ ಮುಂದೆ ಅಪೀಲು ಮಾಡಲಾಗಿದೆ."

ಆ ತಾಯಿಯವರಿಗೆ ಕೋರ್ಟಿನ ಭಾಷೆ ಬರುತ್ತಿರಲಿಲ್ಲ. ಒಂದೇ ನಿಮಿಷದಲ್ಲಿ ತೀರ್ಪು ಕೊಟ್ಟರಂತೆ: "ಅಪ್ಪಾ ಮಗಳು ಇಬ್ರೂ ಕೂತು ಆ ಲೆಕ್ಕಾ ಮತ್ತೊಮ್ಮೆ ಮಾಡ್ರಿ. ಮುಗಿಯೂತನಕಾ ಚಹಾ ಇಲ್ಲ."

ಮರುದಿನ ವಹಿಯಲ್ಲಿ ಎರಡು ಕೈಬರಹಗಳಲ್ಲಿ ಲೆಕ್ಕಗಳಿದ್ದವು. ಮಗಳದು ಎಲ್ಲ ಸರಿ. ಕಾರಕೂನರವು ಮೂರು ತಪ್ಪು. ನಾನು ಕೆಂಪು ಶಾಯಿಯಲ್ಲಿ ಕೆಳಗೆ ಬರೆದೆ: "ಮುಂದಿನ ತಾರೀಖು ಸೋಮವಾರ."

ಹದಿನೇಳರ ಮಗ್ಗಿ

ಇನ್ನೊಬ್ಬಳ ತಂದೆ ಗವಾಯಿಗಳು. ಧಾರವಾಡದಲ್ಲಿ ಯಾವ ಓಣಿಗೆ ಹೋದರೂ ಒಂದು ತಂಬೂರಿ ಕೇಳಿಸಬೇಕು. ಆ ಓಣಿಯದು ಇವರದು. ಅವರ ಮಗಳ ವಹಿಯಲ್ಲಿ ನಾನು ಬರೆದೆ: "ಹದಿನೇಳರ ಮಗ್ಗಿ ಬರುವುದಿಲ್ಲ. ಮನೆಯಲ್ಲಿ ದಿನಾ ಹತ್ತು ಸಲ ಅನ್ನಿಸಿರಿ."

ಎಂಟು ದಿನ ಬಿಟ್ಟು ಗವಾಯಿಗಳು ತಾವೇ ಬಂದರು. ಕಣ್ಣಲ್ಲಿ ಅದೇನು ಹೊಳಪು! ಹಿಂದೆ ತಂಬೂರಿ ಹೊತ್ತ ಮಗಳು.

"ಬಾಯಾರ, ನೀವು ಬರದಿದ್ದು ಭಾಳ ಛಲೋ ಆತು. ಈಗ ಸುಮ್ಮ ಕೂತು ಕೇಳ್ರಿ."

ಹುಡುಗಿ ಸುರು ಮಾಡಿದಳು. "ಹದಿನೇಳ ಒಂದಲೇ" ಎನ್ನುವುದಕ್ಕೇ ಅಷ್ಟು ಹೊತ್ತು ಹಿಡಿಯಿತೆಂದರೆ ಆ ಹೊತ್ತಿನಲ್ಲಿ ನಾನು ಮೂವತ್ತರತನಕ ಎಲ್ಲ ಮಗ್ಗಿ ಹೇಳಿ ಮುಗಿಸುತ್ತಿದ್ದೆ. "ಹದಿನೇಳ ಎರಡಲೇ" ಬರುವಾಗ ಆರನೇ ಇಯತ್ತೆಯವರು ಕಿಟಕಿಗೆ ಬಂದರು. "ಮೂರಲೇ" ಬರುವಾಗ ಅವರ ಬಾಯಾರೂ ಬಂದರು. ನಾಲ್ಕಲೇ ದಾಟಿ ಹುಡುಗಿ ಐದಕ್ಕೆ ಏರಿದಳು, ಏರಿ ಏರಿ, ತೇಲಿ ತೇಲಿ, ಕಡೆಗೆ ಹೂವಿನಂತೆ ಇಳಿದಳು: "...ತೊಂಬತ್ತೂ!"

"ತಪ್ಪು! ಎಂಬತ್ತೈದು!" ಎಂದು ನಾನು ಕೂಗಿಬಿಟ್ಟೆ.

ಗವಾಯಿಗಳು ಎದೆ ಹಿಡಿದುಕೊಂಡರು. ಕಿಟಕಿಯಲ್ಲಿದ್ದವರೂ ನನ್ನನ್ನೇ ಕೆಕ್ಕರಿಸಿ ನೋಡಿದರು.

"ನನಗೂ ಗೊತ್ತದ್ರಿ ಬಾಯಾರ," ಎಂದರು ಗವಾಯಿಗಳು, ಅರಿಯದವಳಿಗೆ ತಿಳಿಹೇಳುವ ದನಿಯಲ್ಲಿ. "ಆದ್ರ ಎಂಬತ್ತೈದು ತಾಳಕ್ಕ ಕೂಡೂದಿಲ್ಲ. ತೊಂಬತ್ತು ಹೆಂಗ ಬಂದು ಸರಿಯಾಗಿ ಕೂತಿತು ನೋಡಿದ್ರಿಲ್ಲೋ?"

ಬಳೆಗಾರ

ಗೌರಿ ಹಬ್ಬದ ಹೊತ್ತಿಗೆ ನನಗೊಂದು ಗುಟ್ಟು ತಿಳಿಯಿತು. ವಹಿಗೆ ಸಹಿ ಮಾಡುವವರು ಪಡಸಾಲೆಯ ಗಂಡಸರು. ಹುಡುಗಿ ಸಾಲಿಗೆ ಹೋಗಬೇಕೋ ಬೇಡವೋ ಎಂದು ಠರಾಯಿಸುವವರು ಅಡಿಗೆಮನೆಯ ಹೆಂಗಸರು. ಪಡಸಾಲೆಯಿಂದ ಅಡಿಗೆಮನೆಗೆ ಹತ್ತು ಹೆಜ್ಜೆ; ವಹಿ ಆ ಹತ್ತು ಹೆಜ್ಜೆ ಒಮ್ಮೆಯೂ ದಾಟಿರಲಿಲ್ಲ.

ಅಡಿಗೆಮನೆಯ ಬಾಗಿಲತನಕ ಸಲೀಸಾಗಿ ಹೋಗುವ ಹೊರಗಿನ ಗಂಡಸು ಊರಿನಲ್ಲಿ ಒಬ್ಬನೇ: ಬಳೆಗಾರ. ನಮ್ಮ ಬಳೆಗಾರ ಸಾಹೇಬರ ಮಗಳೂ ನನ್ನ ಏಳನೇ ಇಯತ್ತೆಯಲ್ಲೇ ಇದ್ದಳು. ಬಿಳಿ ಗಡ್ಡದ, ಹಗುರ ಮಾತಿನ ಮನುಷ್ಯ. ಊರ ಹೆಂಗಸರಿಗೆಲ್ಲ ಅವರು ಕಾಕಾ. ನಾನು ವಿಷಯ ಹೇಳಿದ್ದೇ ತಡ, "ಅದಕ್ಕೇನ್ರಿ ಬಾಯಾರ, ಬಳಿ ಜೋಡಿ ಸುದ್ದೀನೂ ಏರಸ್ತೇನಿ" ಎಂದರು. ಪ್ರತಿ ಹುಡುಗಿಯ ಅಭ್ಯಾಸದ ವಿಷಯವನ್ನು ಬಾಯಿಪಾಠ ಮಾಡಿಕೊಂಡು ಬಳೆಗಳ ಮಲಾರ ಹೆಗಲಿಗೇರಿಸಿ ನಡೆದರು.

ಮೊದಲ ಮನೆಯಲ್ಲಿ ಆದದ್ದನ್ನು ಅವರೇ ಹೇಳಿದರು. ತಾಯಿಯ ಕೈ ಇವರ ಕೈಯಲ್ಲಿ. ಹಸಿರು ಬಳೆ ಬೆರಳ ಗೆಣ್ಣಿನ ಹತ್ತಿರ.

"ಕೈ ಮೆತ್ತಗ ಬಿಡವ್ವಾ... ಹಾಂ, ಹಂಗ... ನಿನ್ನ ಮಗಳು ನಿನ್ನೆ ನಕಾಶಿ ತೆಗದಾಳಂತ. ಗಂಗಾ ನದೀನ ತಂದು ಉಣಕಲ್ ಕೆರಿಯಾಗ ಬಿಟ್ಟಾಳಂತ."

"ಏನಂದಿ ಕಾಕಾ?" ಎಂದು ತಾಯಿ ಮುಷ್ಟಿ ಬಿಗಿದಳು. ಚಟ್!

ಎರಡನೇ ಮನೆಯಲ್ಲಿ ಶುದ್ಧಬರಹ. ಚಟ್! ಮೂರನೆಯದರಲ್ಲಿ ಭಾಗಾಕಾರ. ಚಟ್, ಚಟ್! ಸಂಜೆ ಸಾಹೇಬರು ನನ್ನ ಮುಂದೆ ಬಂದು ಕೂತು ಮಲಾರ ಇಳಿಸಿದರು.

"ಬಾಯಾರ, ನಿಮಗ ಕಲಿಸಾಕ ಬರತೈತಿ, ಹೇಳಾಕ ಬರೂದಿಲ್ಲ. ಸಿಟ್ಟ ಮಾಡ್ಕೋಬ್ಯಾಡ್ರಿ. ಕೆಟ್ಟ ಸುದ್ದಿ ಕೇಳಿದ್ರ ಯಾರಿಗಾದ್ರೂ ಮುಷ್ಟಿ ಬಿಗಿಯಾಗತೈತಿ. ಬಿಗಿ ಮುಷ್ಟಿಗೆ ಬಳಿ ಏರೂದಿಲ್ಲ. ಮೊದಲ ಒಂದು ಛಲೋ ಮಾತ ಕೊಡ್ರಿ. ಕೈ ಬೆಣ್ಣಿಯಾಗತೈತಿ. ಬಳಿ ಗೆಣ್ಣು ದಾಟಿದ ಮ್ಯಾಲೆ ಏನ ಬೇಕಾದ್ದ ಹೇಳ್ರಿ, ಅದು ತಿರುಗಿ ಬರೂದಿಲ್ಲ."

ಮೂರು ಸೀಮೆಯಲ್ಲಿ ಕಲಿಸಿದ್ದೆ, ಟ್ರೇನಿಂಗ್ ಕಾಲೇಜಿನಲ್ಲಿ ಎರಡು ವರ್ಷ ಉಪನ್ಯಾಸ ಕೇಳಿದ್ದೆ. ಶಿಕ್ಷಣಶಾಸ್ತ್ರವನ್ನು ಇಷ್ಟು ಸ್ಪಷ್ಟವಾಗಿ ಯಾರೂ ಹೇಳಿರಲಿಲ್ಲ. ಅಂದಿನಿಂದ ಪ್ರತಿ ಹುಡುಗಿಗೂ ಮೊದಲು ಒಂದು ಹೊಗಳಿಕೆ, ಆಮೇಲೆ ತಪ್ಪು. ತಾಯಂದಿರು ಹಿತ್ತಲಿನಿಂದ ಕೂಗಿ ಕರೆದು "ಕಾಕಾ, ನಮ್ಮಾಕೀದು ಈ ವಾರ ಏನೈತಿ?" ಎಂದು ಕೇಳತೊಡಗಿದರು. ಆಹಾ, ಹುರುಪೇ ಹುರುಪು!

"ಎಲ್ಲಾರ ಮನಿಗೆ ನೀವು ಹೇಳತೀರಿ," ಎಂದು ಒಮ್ಮೆ ಕೇಳಿದೆ. "ನಿಮ್ಮ ಮಗಳ ಸುದ್ದಿ ನಿಮ್ಮ ಮನ್ಯಾಗ ಯಾರು ಹೇಳತಾರ?"

"ನಾನs ಹೇಳತೇನ್ರಿ," ಎಂದರು ಸಾಹೇಬರು. "ಅದಕ್ಕs ನೋಡ್ರಿ, ಬಳಿಗಾರನ ಹೇಣ್ತಿ ಆಗಿ ನಮ್ಮಾಕಿ ಬೆಳ್ಳಿ ಕಡಗಾ ಹಾಕ್ಕೊಂಡು ಅಡ್ಡ್ಯಾಡತಾಳ."

ಕಾರ್ಡು

ತುಳಸಿ ಲಗ್ನ ಮುಗಿದದ್ದೇ ಹುಡುಗಿಯೊಬ್ಬಳು ಮದುವೆಯಾಗಿ ಸಾಲಿ ಬಿಟ್ಟುಹೋದಳು. ಹನ್ನೊಂದು ಹೋಗಿ ಹತ್ತಾಯಿತು. ಇನ್ನೊಬ್ಬಳು ಕದಲಿದರೂ ಏಳನೇ ಇಯತ್ತೆಯ ಬಾಗಿಲಿಗೆ ಕೀಲಿ. ಉಳಿದವರ ಮನೆಗಳೆಲ್ಲ ಬಳೆಗಾರರ ಕೈಯೊಳಗಿದ್ದವು, ಒಂದನ್ನು ಬಿಟ್ಟು. ಆ ಹುಡುಗಿಯ ಮನೆ ಇದ್ದದ್ದು ಹುಬ್ಬಳ್ಳಿಯಲ್ಲಿ. ತಂದೆ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್. ಮಗಳು ಧಾರವಾಡದಲ್ಲಿ ಸೋದರಮಾವನ ಮನೆಯಲ್ಲಿದ್ದು ಓದುತ್ತಿದ್ದಳು. ಗಣಿತದಲ್ಲಿ ಬೆಂಕಿ. ಆದರೆ ಆ ಮನೆಯಲ್ಲಿ ನಡೆಯುವುದು ಅಜ್ಜಿಯ ಮಾತು. ಅಜ್ಜಿ ಹೇಳಿ ಕಳಿಸಿದ್ದಳು: "ಸಂಕ್ರಾಂತಿ ಆದ ಮ್ಯಾಲೆ ಬಂದು ಕರಕೊಂಡು ಹೋಗತೇವಿ. ಕಲ್ತದ್ದು ಸಾಕು." ಫಾರ್ಮ್ ತುಂಬುವ ದಿನ ಸಂಕ್ರಾಂತಿಯ ಮರುವಾರವೇ ಇತ್ತು.

ಬಳೆಗಾರರ ಸೂತ್ರ ನೆನೆದು ಹುಬ್ಬಳ್ಳಿಗೆ ಒಂದು ಕಾರ್ಡು ಬರೆದೆ. ತಪ್ಪು ಒಂದೂ ಇಲ್ಲ, ಬರೀ ಹೊಗಳಿಕೆ: "ನಿಮ್ಮ ಹುಡುಗಿ ಗಣಿತದಲ್ಲಿ ಎಲ್ಲರಿಗಿಂತ ಮುಂದಿದ್ದಾಳೆ. ಕೊಟ್ಟ ಮನೆಗೆಲಸವನ್ನು ಒಂದು ದಿನವೂ ತಪ್ಪಿಸಿಲ್ಲ. ಮುಲ್ಕಿಗೆ ಕೂಡಿಸಿರಿ, ನಿಮ್ಮ ಹೆಸರು ತರುತ್ತಾಳೆ." ಬರೆದು ಮುಗಿಸುವಾಗ ಟಾಕಿನಿಂದ ಒಂದು ಹನಿ ಶಾಯಿ ಮೂಲೆಗೆ ಬಿತ್ತು. ಶುದ್ಧಬರಹ ಕಲಿಸುವ ಬಾಯಿಯ ಕಾರ್ಡಿನ ಮೇಲೆ ಕಲೆಯೇ? ಮೂಲೆಯನ್ನು ನೀಟಾಗಿ ಹರಿದು ಚೆಲ್ಲಿ, ಕಾರ್ಡನ್ನು ಪೆಟ್ಟಿಗೆಗೆ ಹಾಕಿ, ಹಾಡು ಗುನುಗುತ್ತ ಮನೆಗೆ ಬಂದೆ.

ನಮ್ಮ ಕಡೆ ಮೂಲೆ ಹರಿದ ಕಾರ್ಡಿಗೆ ಒಂದೇ ಅರ್ಥ: ಯಾರೋ ತೀರಿಕೊಂಡರು. ಅದನ್ನು ಹೊಸ್ತಿಲೊಳಗೆ ತರುವುದಿಲ್ಲ. ನೋಡಿದವರು ತಲೆಯ ಮೇಲೆ ತಣ್ಣೀರು ಸುರಿದುಕೊಳ್ಳುತ್ತಾರೆ. ಇದು ನನಗೆ ಗೊತ್ತಿರಲಿಲ್ಲವೆಂದಲ್ಲ. ಹತ್ತೂರಿನ ನೀರು ಕುಡಿದು ಹುಟ್ಟೂರಿನ ರೀತಿ ಮರೆತಿದ್ದೆ.

ಮೂರನೇ ದಿನ, ಅಂದರೆ ಫಾರ್ಮ್ ತುಂಬುವ ದಿನವೇ, ಅಧ್ಯಕ್ಷರು ಫಾರ್ಮುಗಳ ಕಟ್ಟು ಹಿಡಿದು ತಲೆ ಎಣಿಸಲು ಬಂದಿದ್ದರು. ಹುಬ್ಬಳ್ಳಿಯ ಹುಡುಗಿ ಹಲಗೆಯ ಮುಂದೆ ನಿಂತು ಲೆಕ್ಕ ಬಿಡಿಸುತ್ತಿದ್ದಳು. ಅಳಿಸಿ ಬರೆದು, ಅಳಿಸಿ ಬರೆದು, ಮುಖದ ತುಂಬ ಖಡುವಿನ ಬಿಳಿ ಪುಡಿ. ಆಗ ರಸ್ತೆಯಿಂದ ಒಂದು ಗೋಳು ಎದ್ದಿತು.

"ನನ್ನ ಬಂಗಾರಾ! ನನ್ನ ಮುತ್ತಾ! ಏಳನೇ ಇಯತ್ತೆ ನಿನ್ನ ನುಂಗಿತಲ್ಲವ್ವಾ!"

ಅಜ್ಜಿ ಎದೆ ಬಡಿದುಕೊಳ್ಳುತ್ತ ಮುಂದೆ, ತಾಯಿ ತಂದೆ ಹಿಂದೆ. ಪುಷ್ಯದ ಚಳಿಯಲ್ಲಿ ಮೂವರ ತಲೆಯೂ ತೊಪ್ಪನೆ ತೊಯ್ದಿತ್ತು. ಕಾರ್ಡು ಕಂಡೊಡನೆ ತಣ್ಣೀರು ಸುರಿದುಕೊಂಡು, ತಲೆಯನ್ನೂ ಒರೆಸದೆ ಸಿಕ್ಕ ಗಾಡಿ ಹಿಡಿದಿದ್ದರು. ಸೋದರಮಾವನ ಮನೆಗೆ ಹೋದರೆ ಬಾಗಿಲಿಗೆ ಕೀಲಿ. ಅವನು ಕಚೇರಿಗೆ, ಹೆಂಡತಿ ಸಂತೆಗೆ ಹೋಗಿದ್ದರು. ಇವರು ಮಾತ್ರ ಎಲ್ಲರೂ ಸ್ಮಶಾನಕ್ಕೆ ಹೋಗಿದ್ದಾರೆಂದೇ ಗಟ್ಟಿ ಮಾಡಿಕೊಂಡು, ನನ್ನನ್ನು ನಾಲ್ಕು ಮಾತು ಅಂದು ಹೋಗೋಣವೆಂದು ಸಾಲಿಗೆ ಬಂದಿದ್ದರು.

ಹುಡುಗಿ ಗಾಬರಿಯಾಗಿ ಬಾಗಿಲಿಗೆ ಓಡಿದಳು. "ಅಜ್ಜೀ! ಯಾಕ ಅಳಾಕತ್ತೀ? ಯಾರು ಸತ್ರು?"

ಅಜ್ಜಿ ಆ ಬಿಳಿ ಮುಖ ನೋಡಿ ಎರಡು ಹೆಜ್ಜೆ ಹಿಂದೆ ಹಾರಿದಳು.

"ನೀನs ಸತ್ತೀಯಲ್ಲs ನನ್ನವ್ವಾ!"

ತಂದೆ ಕೈಚೌಕದಲ್ಲಿ ಸುತ್ತಿದ್ದ ಕಾರ್ಡನ್ನು ಬೆರಳ ತುದಿಯಿಂದ ನನ್ನತ್ತ ಚಾಚಿದರು. "ಓದಿಲ್ರಿ ಬಾಯಾರ. ಧಾರವಾಡದ ಶಿಕ್ಕಾ ಇತ್ತು. ಓದೂದರೆ ಏನೈತಿ, ಮೂಲಿನs ಎಲ್ಲಾ ಹೇಳತಿತ್ತು."

ನಾನು ಗಟ್ಟಿಯಾಗಿ ಓದಿದೆ. ಗಣಿತದಲ್ಲಿ ಮುಂದೆ. ಮನೆಗೆಲಸ ತಪ್ಪಿಸಿಲ್ಲ. ಹೆಸರು ತರುತ್ತಾಳೆ. ಮೂವರೂ ತಲೆಯಿಂದ ನೀರು ತೊಟ್ಟಿಕ್ಕಿಸುತ್ತ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಇಷ್ಟು ಹೇಳಾಕ ಮೂಲಿ ಹರದ್ರಿ?" ಎಂದಳು ಅಜ್ಜಿ.

ಅಧ್ಯಕ್ಷರು ಪೆನ್ಸಿಲ್ ಹಿಡಿದು ಒಂಬತ್ತು ಬರೆಯಲು ಸಿದ್ಧವಾಗಿದ್ದರು. ಶಾಯಿಯ ಕಥೆ ಹೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅಜ್ಜಿಯ ಹುಬ್ಬು ಮೇಲೇರಿತು.

"ತಡೀರಿ ತಡೀರಿ. ಹುಡುಗಿ ತಲಿಗೆ ಕಾಗಿ ಬಡದಿತ್ತೇನ್ರಿ?"

ಕಾಗೆ ತಲೆಗೆ ಬಡಿದರೆ ಜೀವಕ್ಕೆ ಗಂಡಾಂತರ. ಸತ್ತಳೆಂದು ಸುಳ್ಳು ಸುದ್ದಿ ಕಳಿಸಿ ಬಳಗದವರನ್ನು ಒಮ್ಮೆ ಮನಸಾರೆ ಅಳಿಸಿದರೆ ಆ ಗಂಡಾಂತರ ಕಳೆಯುತ್ತದೆಂದು ಹಿರಿಯರ ನಂಬಿಕೆ. ಹೌದೆನ್ನಲೋ ಇಲ್ಲವೆನ್ನಲೋ ಎಂದು ನಾನಿನ್ನೂ ತಡವರಿಸುತ್ತಿದ್ದೆ.

"ಹೌದಜ್ಜೀ," ಎಂದಳು ಹುಡುಗಿ, ಕಣ್ಣು ಮಿಟುಕಿಸದೆ. "ಎರಡು ಸಲ ಬಡೀತು."

ಗಣಿತದಲ್ಲಿ ಮುಂದಿದ್ದಾಳೆಂದು ನಾನು ಸುಮ್ಮನೆ ಬರೆದಿರಲಿಲ್ಲ.

ಅಜ್ಜಿ ನನ್ನ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡಳು. "ಹಡದಾವ್ರಿಗೆ ಹೊಳೀಲಿಲ್ಲ, ನಮ್ಮ ಬೀಗರಿಗೆ ಹೊಳೀಲಿಲ್ಲ, ನಿಮಗ ಹೊಳೀತಲ್ರಿ ತಾಯಿ! ಹುಡುಗಿ ನಿಮ್ಮ ಕಡೇನs ಇರಲಿ. ಮುಲ್ಕಿ ಅಷ್ಟs ಯಾಕ, ಅದರಪ್ಪನಂಥಾ ಪರೀಕ್ಷಾ ಇದ್ರ ಅದನ್ನೂ ಕೊಡಲಿ. ಏ, ನೋಡಕೋತ ಏನ ನಿಂತಿ? ಸಹಿ ಮಾಡೋ!"

ಫಿಟ್ಟರರು ಅಲ್ಲೇ ಕೂತು ಫಾರ್ಮಿಗೆ ಸಹಿ ಮಾಡಿದರು. ಅಧ್ಯಕ್ಷರು ಅದರ ಮೇಲೆ ಬಿದ್ದ ನೀರನ್ನು ತಮ್ಮ ಉತ್ತರೀಯದಿಂದ ಒರೆಸಿ, "ಹತ್ತು" ಎಂದು ಬರೆದರು. ಏಳನೇ ಇಯತ್ತೆ ಉಳಿಯಿತು! ನನಗೆ ಕುಣಿಯಬೇಕೆನಿಸಿತು, ಅಧ್ಯಕ್ಷರು ಇದ್ದರೆಂದು ಬಿಟ್ಟೆ.

ಕಥೆ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಸಂಜೆಯೊಳಗೆ ಸುದ್ದಿ ಓಣಿ ಓಣಿಗೂ ಹಬ್ಬಿತು: ಬಾಯಾರು ಒಂದು ಕಾರ್ಡಿನ ಮೂಲೆ ಹರಿದು ಹುಡುಗಿಯ ಗಂಡಾಂತರ ಕಳೆದರು. ಮರುದಿನ ಗೇಟಿನ ಹತ್ತಿರ ತಾಯಂದಿರ ಸಾಲು.

"ಬಾಯಾರ, ನಮ್ಮ ಹುಡುಗಿಗೂ ಈ ವರ್ಷ ಪರೀಕ್ಷಾ ಗಂಡಾಂತರ ಐತ್ರಿ. ನನ್ನ ತವರಮನಿಗೆ ಒಂದ ಕಾರ್ಡ್ ಹಾಕ್ರಿ. ಅವರು ಭಾಳ ಛಲೋ ಅಳತಾರ."

ನಾನು ಕೈಮುಗಿದೆ, ಬೈದೆ, ಶಾಯಿಯ ನಿಜಕಥೆಯನ್ನೂ ಹೇಳಿದೆ. ಎಲ್ಲರೂ ತಲೆಯಾಡಿಸಿ ನಕ್ಕು ಮನೆಗೆ ಹೋದರು. ಹೋಗಿ, ನನ್ನ ಹಂಗೇ ಬೇಡವೆಂದು, ತಾವು ತಾವೇ ಕಾರ್ಡು ತಂದು, ಏಳನೇ ಇಯತ್ತೆಯ ಹುಡುಗಿ ತೀರಿಕೊಂಡಳೆಂದು ಆ ಹುಡುಗಿಯರ ಕೈಯಿಂದಲೇ ಬರೆಯಿಸಿ, ಮೂಲೆ ಹರಿದು ಪೆಟ್ಟಿಗೆಗೆ ಹಾಕಿದರು.

ಆ ಶನಿವಾರ ನಾನು ಹತ್ತೂ ಹುಡುಗಿಯರನ್ನು ಕೂಡಿಸಿಕೊಂಡು ಪಾಠ ಹೇಳುತ್ತಿದ್ದೆ. ಗೇಟಿನ ಹೊರಗೆ, ಸಾಕಷ್ಟು ದೂರದಲ್ಲಿ, ಪೋಸ್ಟ್ ಮಾಸ್ತರರು ಮೂಗಿಗೆ ಬಟ್ಟೆ ಕಟ್ಟಿಕೊಂಡು ನಿಂತಿದ್ದರು. ಒಳಗೆ ಕರೆದರೆ ಒಂದು ಹೆಜ್ಜೆ ಹಿಂದೆ ಸರಿದರು. ಅಲ್ಲಿಂದಲೇ ಕೂಗಿದರು:

"ಬಾಯಾರ, ಉಳಿದ ಹುಡುಗ್ಯಾರನ್ನ ಕರಕೊಂಡು ಲಗೂ ಊರ ಹೊರಗಿನ ಗುಡಿಸಲಕ್ಕ ನಡೀರಿ! ಒಂದs ವಾರದಾಗ ಮೂಲಿ ಹರದ ಒಂಬತ್ತು ಕಾರ್ಡ್ ಹೋಗ್ಯಾವ. ನಿಮ್ಮ ಏಳನೇ ಇಯತ್ತೆಗೆ ಪ್ಲೇಗ ಹೊಕ್ಕದ!"